ಬಾಯಿ ಬಿಡದ ಲೇಖಕ, ಬಾಯಿಬಡಕ ಹುಡುಗ

ಭಾನುವಾರ. ಎರಡು ಮನೆತನದವರು ಒಂದೇ ಚರ್ಚಿನಲ್ಲಿ ಕೂತಿದ್ದಾರೆ. ಒಂದು ಕಡೆ ಗ್ರಾಂಜರ್‌ಫರ್ಡರು, ಇನ್ನೊಂದು ಕಡೆ ಶೆಫರ್ಡ್‌ಸನ್ನರು. ಸುಮಾರು ಮೂವತ್ತು ವರ್ಷದ ಹಗೆ. ಗಂಡಸರೆಲ್ಲ ಬಂದೂಕು ಹಿಡಿದೇ ಬಂದಿದ್ದಾರೆ. ಕೆಲವರದು ಮೊಣಕಾಲ ಸಂದಿಯಲ್ಲಿದೆ, ಕೆಲವರದು ಕೈಗೆ ಎಟುಕುವಂತೆ ಗೋಡೆಗೆ ಒರಗಿದೆ. ಅವತ್ತಿನ ಪ್ರವಚನದ ವಿಷಯ ಸೋದರಪ್ರೇಮ. ಮನೆಗೆ ಮರಳುವಾಗ ದಾರಿಯುದ್ದಕ್ಕೂ ಪ್ರವಚನದ್ದೇ ಹೊಗಳಿಕೆ. ಮರುದಿನ ಒಂದು ಮನೆಯ ಹುಡುಗಿ ಇನ್ನೊಂದು ಮನೆಯ ಹುಡುಗನ ಜೊತೆ ಓಡಿಹೋದ ಸುದ್ದಿ ಹಬ್ಬುತ್ತದೆ, ಹೊಳೆದಂಡೆಯಲ್ಲಿ ಹೆಣ ಬೀಳುತ್ತವೆ. ಸತ್ತವರಲ್ಲಿ ಬಕ್ ಎಂಬ ಹುಡುಗನೂ ಒಬ್ಬ. ಈ ಹಗೆ ಯಾಕೆ ಶುರುವಾಯಿತೆಂದು ಕೆಲವು ದಿನಗಳ ಹಿಂದೆ ಗೆಳೆಯ ಕೇಳಿದ್ದಾಗ ಅವನಿಗೆ ಉತ್ತರ ಗೊತ್ತಿರಲಿಲ್ಲ. ಏನೋ ಒಂದು ಖಟ್ಲೆ ಇತ್ತಂತೆ, ಸೋತವನು ಗೆದ್ದವನಿಗೆ ಗುಂಡು ಹೊಡೆದನಂತೆ, ಯಾರು ಮೊದಲು ಎನ್ನುವುದು ದೊಡ್ಡವರಿಗೆ ಗೊತ್ತಿರಬಹುದು ಎಂದಿದ್ದ.

ಮಾರ್ಕ್ ಟ್ವೇನ್ ಬರೆದ ‘ಹಕಲ್‌ಬೆರಿ ಫಿನ್ನನ ಸಾಹಸಗಳು’ ಕಾದಂಬರಿಯ ಪ್ರಸಂಗ ಇದು. ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಸಾಮಾಜಿಕ ವಿಡಂಬನೆ ಎಂದರೇನು, ಕಾದಂಬರಿಕಾರನ ಕುಸುರಿ ಎಂದರೇನು ಎಂದು ಕಲಿಸುವಾಗ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಇದೂ ಒಂದು. ನಮ್ಮ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೂ ಅಮೆರಿಕನ್ ಸಾಹಿತ್ಯದ ಪತ್ರಿಕೆಯಿಂದ ಇದರ ಹೆಸರು ಪರಿಚಿತ. ಅವರು ಟಿಪ್ಪಣಿ, ಗೈಡು ಹಿಡಿದು ಕಷ್ಟಪಟ್ಟು ಅರ್ಥ ಮಾಡಿಕೊಳ್ಳುವ ಚರ್ಚಿನ ದೃಶ್ಯವನ್ನು ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರಿನ ಅಗಸಿ ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿದರೆ ಯಾರೂ ವಿವರಣೆ ಕೇಳಲಾರರು.

ಇಂಡಿ, ಸಿಂದಗಿ ಸೀಮೆಯ ಮಗ್ಗುಲಲ್ಲೇ ಭೀಮಾ ನದಿ ಹರಿಯುತ್ತದೆ. ‘ಭೀಮಾ ತೀರ’ ಎಂದರೆ ಕನ್ನಡ ಪತ್ರಿಕೆಗಳಿಗೆ ಬಹುಕಾಲ ಸೇಡಿನ ಕೊಲೆಗಳ ನೆಲ. ರವಿ ಬೆಳಗೆರೆ ‘ಭೀಮಾ ತೀರದ ಹಂತಕರು’ ಬರೆದರು. 2012ರಲ್ಲಿ ದುನಿಯಾ ವಿಜಯ್ ನಾಯಕನಾದ ‘ಭೀಮಾ ತೀರದಲ್ಲಿ’ ಚಿತ್ರ ಬಂತು. ತಮ್ಮ ಸೀಮೆಯ ಬಿಳಿಜೋಳ, ಲಿಂಬೆ, ಲಾವಣಿಗಳಿಗಿಂತ ಬಂದೂಕೇ ಹೆಚ್ಚು ಹೆಸರಾಯಿತಲ್ಲ ಎಂದು ಅಲ್ಲಿನವರು ಬೇಸರಪಟ್ಟರೆ ಅದರಲ್ಲಿ ನ್ಯಾಯವಿದೆ. ಹಗೆಯನ್ನು ಪತ್ರಿಕೆ ದಪ್ಪಕ್ಷರದ ತಲೆಬರಹ ಮಾಡುತ್ತದೆ, ಸಿನಿಮಾ ಹಗೆಯವನಿಗೆ ಎಂಟ್ರಿ ಸಾಂಗು ಕೊಡುತ್ತದೆ. ಟ್ವೇನ್ ಎರಡನ್ನೂ ಮಾಡಲಿಲ್ಲ. ಹಗೆ ಕೆಟ್ಟದ್ದು ಎಂದು ಒಂದು ಸಾಲು ಉಪದೇಶವನ್ನೂ ಬರೆಯಲಿಲ್ಲ. ಸೋದರಪ್ರೇಮದ ಪ್ರವಚನ ಕೇಳುವವರ ಮೊಣಕಾಲ ನಡುವೆ ಬಂದೂಕು ಇಟ್ಟ, ಅಷ್ಟೆ. ಆಮೇಲೆ ಹಂದಿಗಳನ್ನು ತಂದ: ಬೇಸಗೆಯಲ್ಲಿ ನೆಲ ತಂಪಾಗಿರುತ್ತದೆಂದು ಹಂದಿಗಳು ಆ ಚರ್ಚಿಗೆ ನುಗ್ಗಿ ಮಲಗುತ್ತವಂತೆ. ಮನುಷ್ಯರು ಹೋಗಲೇಬೇಕಾದಾಗ ಮಾತ್ರ ಚರ್ಚಿಗೆ ಹೋಗುತ್ತಾರೆ, ಹಂದಿಗಳು ಹಾಗಲ್ಲ ಎಂದು ಕಥೆ ಹೇಳುವ ಹುಡುಗ ಒಂದು ಷರಾ ಹಾಕಿ ಮುಂದೆ ಹೋಗುತ್ತಾನೆ. ತಾನು ಹಾಸ್ಯ ಮಾಡಿದೆ ಎಂಬುದು ಅವನಿಗೇ ಗೊತ್ತಿಲ್ಲ.

ಗೊತ್ತಿಲ್ಲದಿರುವುದೇ ಈ ಕಾದಂಬರಿಯ ಕೀಲಿಕೈ.

ಬರೆದವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿ, ಮಿಸಿಸಿಪಿ ನದಿಯ ದಂಡೆಯ ಹ್ಯಾನಿಬಲ್ ಎಂಬ ಸಣ್ಣ ಊರಲ್ಲಿ ಬೆಳೆದವನು. ಉಗಿದೋಣಿ ನಡೆಸುವ ಪರವಾನಗಿ ಪಡೆದು ಅದೇ ನದಿಯಲ್ಲಿ ದುಡಿದವನು. ಈ ಕಾದಂಬರಿಯನ್ನು 1876ರಲ್ಲಿ ಶುರು ಮಾಡಿ, ಅರ್ಧಕ್ಕೆ ಬಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಬಿಟ್ಟು, 1882ರಲ್ಲಿ ಹಳೆಯ ನದಿಯನ್ನು ಇನ್ನೊಮ್ಮೆ ಸುತ್ತಿ ಬಂದ ಮೇಲೆ 1883ರಲ್ಲಿ ಮುಗಿಸಿದ. ಪುಸ್ತಕ 1884ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ, 1885ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಹೊರಬಂತು. ಅಮೆರಿಕದಲ್ಲಿ ತಡವಾಗಲು ಒಂದು ತಮಾಷೆಯ ಕಾರಣವೂ ಇತ್ತು. ಯಾರೋ ಕಿಡಿಗೇಡಿ ಒಂದು ಚಿತ್ರದ ಅಚ್ಚಿನ ಫಲಕವನ್ನು ಕೆತ್ತಿ ಅಶ್ಲೀಲ ಮಾಡಿಟ್ಟಿದ್ದ. ಸಿಕ್ಕಿಬಿದ್ದ ಪ್ರತಿಗಳಲ್ಲಿ ಆ ಪುಟ ಬದಲಾಯಿಸಬೇಕಾಯಿತು.

ಕಥೆ ನಡೆಯುವುದು ಪುಸ್ತಕ ಬರುವುದಕ್ಕೆ ನಲವತ್ತು ಐವತ್ತು ವರ್ಷ ಹಿಂದೆ, ಗುಲಾಮಗಿರಿ ಕಾನೂನುಬದ್ಧವಾಗಿದ್ದ ಕಾಲದಲ್ಲಿ. ಕಥೆ ಹೇಳುವ ಹಕ್ ಹದಿಮೂರು ಹದಿನಾಲ್ಕರ ಹುಡುಗ, ಊರ ಕುಡುಕನ ಮಗ. ವಿಧವೆ ಡಗ್ಲಸ್ ಅವನನ್ನು ಸಾಕಿ, ಮೀಯಿಸಿ, ಅಕ್ಷರ ಕಲಿಸಿ ಮನುಷ್ಯನನ್ನಾಗಿ ಮಾಡಲು ಹೊರಟಿದ್ದಾಳೆ. ಅವಳ ತಂಗಿ ಮಿಸ್ ವಾಟ್ಸನ್ ಬೈಬಲ್ ಓದುವ ಹೆಂಗಸು, ಜಿಮ್ ಎಂಬ ಗುಲಾಮನ ಒಡತಿ. ಎಂಟುನೂರು ಡಾಲರಿನ ಆಸೆಗೆ ಅವಳು ತನ್ನನ್ನು ದಕ್ಷಿಣಕ್ಕೆ ಮಾರಲಿದ್ದಾಳೆ ಎಂದು ಕಿವಿಗೆ ಬಿದ್ದೊಡನೆ ಜಿಮ್ ಓಡಿಹೋಗುತ್ತಾನೆ. ಅಪ್ಪನ ಹೊಡೆತ ತಾಳದ ಹಕ್ ಹಂದಿಯ ರಕ್ತ ಚೆಲ್ಲಿ ತಾನು ಕೊಲೆಯಾದಂತೆ ತೋರಿಸಿ ಪರಾರಿಯಾಗುತ್ತಾನೆ. ಇಬ್ಬರೂ ಒಂದು ತೆಪ್ಪದ ಮೇಲೆ ಸೇರುತ್ತಾರೆ.

ಮಿಸಿಸಿಪಿಯ ಒಂದು ದಂಡೆ ಮಿಸೌರಿ, ಅಲ್ಲಿ ಗುಲಾಮಗಿರಿ ಉಂಟು. ಎದುರು ದಂಡೆ ಇಲಿನಾಯ್, ಅಲ್ಲಿ ಇಲ್ಲ. ಹೊಳೆಯೊಂದು ಎರಡು ಕಾನೂನುಗಳ ನಡುವೆ ಹರಿಯುವುದು ಭೀಮೆಯ ಜನಕ್ಕೆ ಹೊಸದಲ್ಲ. 1948ರವರೆಗೆ ಹಳೆಯ ಸಿಂದಗಿ ತಾಲ್ಲೂಕಿನ ದೇವಣಗಾಂವ ಮುಂಬಯಿ ಪ್ರಾಂತ್ಯದಲ್ಲಿತ್ತು, ಹೊಳೆಯಾಚೆಯ ಅಫಜಲಪುರ ನಿಜಾಮನ ಸಂಸ್ಥಾನದಲ್ಲಿತ್ತು. ರಜಾಕಾರರ ಕಾಲದಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಈಚೆ ದಡ ಸೇರಿದ್ದರು. ಜಿಮ್‌ನ ಲೆಕ್ಕವೂ ಇಂಥದ್ದೇ: ಕೈರೋ ಎಂಬಲ್ಲಿ ಇಳಿದು, ಒಹಾಯೊ ನದಿ ಹಿಡಿದು ಮೇಲೆ ಹೋದರೆ ಬಿಡುಗಡೆ. ಮಂಜು ಕವಿದ ರಾತ್ರಿಯಲ್ಲಿ ಕೈರೋ ತಪ್ಪಿಹೋಗುತ್ತದೆ. ಅಲ್ಲಿಂದ ಮುಂದೆ ನೀರು ಅವನನ್ನು ಒಯ್ಯುವುದು ಗುಲಾಮಗಿರಿಯ ಇನ್ನಷ್ಟು ಆಳಕ್ಕೆ.

ಇನ್ನು ಕುಸುರಿಯ ಮಾತು. ವಿಡಂಬನೆಯನ್ನು ಎರಡು ರೀತಿ ಬರೆಯಬಹುದು. ಊರಿನ ಗೌಡ ಕ್ರೂರಿ, ದೇವರ ಹೆಸರಿನಲ್ಲಿ ಬೂಟಾಟಿಕೆ ಮಾಡುವವನು ಎಂದು ಲೇಖಕನೇ ಹೇಳಿಬಿಡುವುದು ಒಂದು. ಆಗ ಓದುಗ ಹೌದೆಂದು ತಲೆಯಾಡಿಸಿ ಪುಟ ತಿರುವುತ್ತಾನೆ. ಇನ್ನೊಂದು, ಮನೆಯ ಆಳುಮಗನ ಬಾಯಿಂದ ಹೀಗೆ ಹೇಳಿಸುವುದು: “ನಮ್ಮ ಗೌಡ್ರು ಭಾಳ ಧರ್ಮವಂತರ ಬಿಡ್ರಿ. ಸ್ವಾಮಾರ ದಿನ ಒಬ್ರಿಗೂ ಹೊಡ್ಯಾಂಗಿಲ್ಲ.” ಆಳಿನ ದನಿಯಲ್ಲಿ ಭಕ್ತಿ ಇದೆ, ವ್ಯಂಗ್ಯವಿಲ್ಲ. ಉಳಿದ ಆರು ದಿನದ ಲೆಕ್ಕ ಹಾಕಬೇಕಾದವನು ಓದುಗ. ಟ್ವೇನ್ 43 ಅಧ್ಯಾಯ ಬರೆದದ್ದು ಈ ಎರಡನೆಯ ದಾರಿಯಲ್ಲಿ. ಹಕ್ ನೋಡಿದ್ದನ್ನೆಲ್ಲ ಹೇಳುತ್ತಾನೆ, ಅರ್ಥವಾದದ್ದು ಅರ್ಧ. ಉಳಿದರ್ಧ ಓದುವವನ ಪಾಲು.

ಇದರ ಅತಿ ಚಿಕ್ಕ, ಅತಿ ಭಯಂಕರ ಮಾದರಿ 32ನೇ ಅಧ್ಯಾಯದಲ್ಲಿದೆ. ಹಕ್ ಸುಳ್ಳು ಹೇಳಿ ಸ್ಯಾಲಿ ಎಂಬ ಗೃಹಿಣಿಯ ಮನೆ ಹೊಕ್ಕಿದ್ದಾನೆ. ಬರುವುದು ತಡವಾದದ್ದಕ್ಕೆ ಒಂದು ನೆಪ ಬೇಕು. ಉಗಿದೋಣಿಯ ಯಂತ್ರ ಸಿಡಿಯಿತು ಎನ್ನುತ್ತಾನೆ. ಅಯ್ಯೋ, ಯಾರಿಗಾದರೂ ಪೆಟ್ಟಾಯಿತೇ ಎಂದು ಆಕೆ ಕೇಳುತ್ತಾಳೆ. ಇಲ್ಲ, ಒಬ್ಬ ಕರಿಯ ಸತ್ತ ಎಂದು ಹಕ್ ಉತ್ತರಿಸುತ್ತಾನೆ. ಸದ್ಯ, ಎಷ್ಟೋ ಸಲ ಜನರಿಗೂ ಪೆಟ್ಟಾಗುತ್ತದೆ ಎಂದು ಆಕೆ ಸಮಾಧಾನಪಟ್ಟುಕೊಳ್ಳುತ್ತಾಳೆ. ಸ್ಯಾಲಿ ಕೆಟ್ಟವಳಲ್ಲ. ಅಕ್ಕರೆಯ ಹೆಂಗಸು, ಕೈತುಂಬ ಬಡಿಸುವವಳು. ಅವಳು ರಾಕ್ಷಸಿಯಾಗಿದ್ದರೆ ದೃಶ್ಯ ಸತ್ತುಹೋಗುತ್ತಿತ್ತು. ಇಡೀ ಪುಸ್ತಕದಲ್ಲಿ ಗುಲಾಮಗಿರಿಯನ್ನು ಹೊತ್ತು ನಿಂತವರು ಹೆಚ್ಚಾಗಿ ಇಂಥ ಒಳ್ಳೆಯವರೇ. ದೇವರ ಪ್ರಾರ್ಥನೆ ತಪ್ಪಿಸದವರು, ಹಸಿದವನಿಗೆ ಅನ್ನ ಇಕ್ಕುವವರು.

31ನೇ ಅಧ್ಯಾಯಕ್ಕೆ ಬಂದರೆ ತಂತ್ರ ತನ್ನ ತುತ್ತತುದಿ ಮುಟ್ಟುತ್ತದೆ. ಓಡಿಹೋದ ಗುಲಾಮನಿಗೆ ನೆರವಾಗುವುದು ಕಳ್ಳತನ, ಕಳ್ಳತನ ಪಾಪ, ಪಾಪಿಗೆ ನರಕ ಎಂದು ಹಕ್‌ಗೆ ಚಿಕ್ಕಂದಿನಿಂದ ಕಲಿಸಲಾಗಿದೆ. ಹೆದರಿ ಮೊಣಕಾಲೂರಿ ಪ್ರಾರ್ಥಿಸಲು ಹೋಗುತ್ತಾನೆ, ಮಾತು ಹೊರಡುವುದಿಲ್ಲ. ಕೊನೆಗೆ ಜಿಮ್ ಎಲ್ಲಿದ್ದಾನೆಂದು ಮಿಸ್ ವಾಟ್ಸನ್‌ಗೆ ಕಾಗದ ಬರೆಯುತ್ತಾನೆ. ಬರೆದೊಡನೆ ಪಾಪವೆಲ್ಲ ತೊಳೆದುಹೋದಂತೆ ಹಗುರವಾಗುತ್ತದೆ. ಆಮೇಲೆ ತೆಪ್ಪದ ದಿನಗಳು ನೆನಪಾಗುತ್ತವೆ. ತನ್ನ ಪಾಳಿ ಮುಗಿದರೂ ಹಕ್‌ನನ್ನು ಎಬ್ಬಿಸದೆ ಅವನ ಪಾಳಿಯನ್ನೂ ತಾನೇ ಕಾದ ಜಿಮ್, ಮಂಜಿನಲ್ಲಿ ಕಳೆದುಹೋದವನು ಮರಳಿದಾಗ ಹಿಗ್ಗಿದ ಜಿಮ್. ನರಕಕ್ಕೆ ಹೋದರೆ ಹೋದೆ ಎಂದು ಹುಡುಗ ಕಾಗದ ಹರಿದುಹಾಕುತ್ತಾನೆ. ತಾನು ಒಳ್ಳೆಯ ಕೆಲಸ ಮಾಡಿದೆ ಎಂದು ಅವನಿಗೆ ಆಗಲೂ ಅನಿಸುವುದಿಲ್ಲ, ಪುಸ್ತಕ ಮುಗಿದರೂ ಅನಿಸುವುದಿಲ್ಲ. ಅವನ ಲೆಕ್ಕದಲ್ಲಿ ಅವನು ಕೆಟ್ಟುಹೋದವನು. ಇಲ್ಲಿ ಟ್ವೇನ್ ಒಂದೇ ಒಂದು ಸಾಲು ಮೂಗು ತೂರಿಸಿ, ಹುಡುಗನೇ ಸರಿ, ಊರೇ ತಪ್ಪು ಎಂದು ಹೇಳಿದ್ದರೂ ಅಧ್ಯಾಯ ಮಕಾಡೆ ಬೀಳುತ್ತಿತ್ತು.

ಕನ್ನಡದಲ್ಲಿ ಈ ಬಗೆಯ ಮುಗ್ಧನ ಬಾಯಿ ಇಲ್ಲದಿಲ್ಲ. ಬೀಚಿಯವರ ತಿಂಮ ದಡ್ಡನಂತೆ ಕೇಳಿ ಬುದ್ಧಿವಂತರ ಬಾಯಿ ಕಟ್ಟಿಸುತ್ತಾನೆ. ಆದರೆ ತಿಂಮನ ಹಿಂದೆ ಬೀಚಿ ಕಣ್ಣು ಮಿಟುಕಿಸುವುದು ಓದುಗನಿಗೆ ಕಾಣುತ್ತಿರುತ್ತದೆ. ಆ ಕಣ್ಣು ಟ್ವೇನ್‌ನ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಷ್ಟೆಲ್ಲ ಸಾಧ್ಯವಾದದ್ದು ಹುಡುಗನ ನಾಲಗೆಯಿಂದ. ಪುಸ್ತಕದ ಮೊದಲಲ್ಲೇ ಟ್ವೇನ್ ಒಂದು ವಿವರಣೆ ಕೊಡುತ್ತಾನೆ: ಇದರಲ್ಲಿ ಹಲವು ಆಡುಮಾತುಗಳಿವೆ, ಮಿಸೌರಿಯ ಕರಿಯರದು, ಒಳನಾಡಿನ ಒರಟರದು, ಪೈಕ್ ಕೌಂಟಿಯದು, ಅದರಲ್ಲೂ ನಾಲ್ಕು ಬಗೆ. ಪಾತ್ರಗಳೆಲ್ಲ ಒಂದೇ ಥರ ಮಾತಾಡಲು ಹೋಗಿ ಸೋತವು ಎಂದು ಓದುಗರು ತಿಳಿಯದಿರಲಿ ಎಂಬುದಕ್ಕೆ ಈ ಮಾತಂತೆ. ತಮಾಷೆಯಾಗಿ ಕಂಡರೂ ಹಿಂದೆ ಬೆವರು ಇದೆ. ಕಾದಂಬರಿಯ ಮೊದಲರ್ಧದ ಹಸ್ತಪ್ರತಿ ನೂರು ವರ್ಷ ಕಾಣೆಯಾಗಿದ್ದು 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಮೊದಲ ವಾಕ್ಯವನ್ನೇ ಟ್ವೇನ್ ತಿದ್ದಿ ತಿದ್ದಿ ಬರೆದಿದ್ದ. ಮೊದಲು ಬರೆದದ್ದು ಪುಸ್ತಕದ ಭಾಷೆ, ಆಮೇಲಿನದು ಒಂದಿಷ್ಟು ಸಡಿಲ, ಕೊನೆಯದು ಹಕ್‌ನ ಬಾಯಿಂದಲೇ ಬಿದ್ದಂಥದ್ದು. ಸಲೀಸಾಗಿ ಹರಟಿದಂತೆ ಕೇಳುವ ಮಾತು ಹೀಗೆ ಮೇಜಿನ ಮುಂದೆ ಕೂತು ಸಂಪಾದಿಸಿದ್ದು.

ಆಡುಮಾತನ್ನು ಅಚ್ಚಿಗೆ ತರುವ ಈ ಕೆಲಸದಲ್ಲಿ ವಿಜಯಪುರ ಸೀಮೆಗೆ ತನ್ನದೇ ಇತಿಹಾಸವಿದೆ. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿ ಸಣ್ಣ ಹಳ್ಳಿ. ಅಲ್ಲಿನ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬರು ಊರೂರು ಅಲೆದು ಬೀಸುವ ಕುಟ್ಟುವ ಹೆಂಗಸರ ಹಾಡು, ಗಂಡಸರ ಲಾವಣಿ ಕಲೆಹಾಕಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಓದು ಬರಹ ಬಾರದ ನಾಲಗೆಯಲ್ಲೂ ಸಾಹಿತ್ಯ ಉಂಟು ಎಂದು ಕನ್ನಡದ ಪಂಡಿತರು ಒಪ್ಪಲು ಆ ಪುಸ್ತಕಗಳು ದಾರಿ ಮಾಡಿದವು. ಕಾದಂಬರಿಗೆ ಈ ಭಾಗದ ಮಾತು ಗಟ್ಟಿಯಾಗಿ ಬಂದದ್ದು ಅದಾದ ಮೇಲೆ. ರಾವಬಹಾದ್ದೂರರ ‘ಗ್ರಾಮಾಯಣ’ 1957ರಲ್ಲಿ ಬಂತು. ಒಂದು ಹಳ್ಳಿ ಒಳಗಿಂದೊಳಗೇ ಹೋಳಾಗಿ ಹಾಳಾಗುವ ಕಥೆ ಅದು, ಹೆಸರಿನಲ್ಲೇ ಒಂದು ಕೊಂಕು ನಗೆ ಇದೆ. 1975ರ ಕಂಬಾರರ ‘ಕರಿಮಾಯಿ’ಯಲ್ಲಿ ಬೆಳಗಾವಿಯಲ್ಲಿ ಓದಿ ಬಂದ ಗುಡಸೀಕರ ಊರನ್ನು ಸುಧಾರಿಸಲು ಹೊರಡುತ್ತಾನೆ, ಊರ ಮಾತೇ ಅವನನ್ನು ಅಳೆದು ಸುರಿಯುತ್ತದೆ. ಶಿಷ್ಟ ಕನ್ನಡದಲ್ಲಿ ಬರೆದಿದ್ದರೆ ಆ ಅಳತೆ ಲೇಖಕನದಾಗುತ್ತಿತ್ತು.

ಮತ್ತೆ ತೆಪ್ಪಕ್ಕೆ. ನಡುವೆಲ್ಲೋ ಇಬ್ಬರು ಠಕ್ಕರು ಹತ್ತಿಕೊಳ್ಳುತ್ತಾರೆ. ಒಬ್ಬ ತಾನು ಇಂಗ್ಲೆಂಡಿನ ಡ್ಯೂಕ್ ಎನ್ನುತ್ತಾನೆ. ಹಾಗಿದ್ದರೆ ನಾನೇನು ಕಡಿಮೆ ಎಂದು ಮುದುಕ ತಾನು ಫ್ರಾನ್ಸಿನ ಕಳೆದುಹೋದ ರಾಜ ಎನ್ನುತ್ತಾನೆ. ಇಬ್ಬರೂ ಶುದ್ಧ ಸುಳ್ಳುಬುರುಕರು ಎಂದು ಹಕ್‌ಗೆ ತಿಳಿಯಲು ಹೊತ್ತು ಹಿಡಿಯುವುದಿಲ್ಲ, ಆದರೆ ಜಗಳ ಯಾಕೆಂದು ಸುಮ್ಮನಿರುತ್ತಾನೆ. ಬಯಲಲ್ಲಿ ನಡೆದ ಭಜನೆ-ಪ್ರವಚನದ ಕೂಟಕ್ಕೆ ಹೋದ ರಾಜ ವೇದಿಕೆ ಹತ್ತಿ, ತಾನು ಹಿಂದೂ ಮಹಾಸಾಗರದ ಕಡಲುಗಳ್ಳನಾಗಿದ್ದೆ, ಇವತ್ತು ಈ ಕೂಟದಲ್ಲಿ ಮನಃಪರಿವರ್ತನೆ ಆಯಿತು, ಮರಳಿ ಹೋಗಿ ಉಳಿದ ಕಡಲುಗಳ್ಳರನ್ನೂ ತಿದ್ದುತ್ತೇನೆ, ಕೈಯಲ್ಲಿ ಕಾಸಿಲ್ಲ ಎಂದು ಅಳುತ್ತಾನೆ. ಜನ ಟೋಪಿ ತುಂಬುತ್ತಾರೆ: 87 ಡಾಲರ್ 75 ಸೆಂಟ್. ವಾಪಸು ಬರುವಾಗ ಯಾವುದೋ ಗಾಡಿಯ ಅಡಿಯಿಂದ ವಿಸ್ಕಿಯ ಜಾಡಿಯೊಂದನ್ನೂ ಎತ್ತಿಕೊಂಡು ಬಂದಿರುತ್ತಾನೆ.

ಕಳ್ಳಸ್ವಾಮಿಗಳ ಮೇಲಿನ ವಿಡಂಬನೆ ಬಸವನಬಾಗೇವಾಡಿಯ ನಾಡಿಗೆ ಯಾರೂ ಬಂದು ಕಲಿಸಬೇಕಾದದ್ದಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯ ವೇಷಧಾರಿಗಳನ್ನು ಝಾಡಿಸಿದಷ್ಟು ಒರಟಾಗಿ ಝಾಡಿಸಿದವರು ಕಡಿಮೆ. ಅವನು ದೋಣಿ ನಡೆಸುವ ಕಾಯಕದವನು, ಟ್ವೇನ್ ಕೂಡ ದೋಣಿ ನಡೆಸಿದವನು. ಹೊಳೆ ದಾಟುವ ಎಲ್ಲ ಜಾತಿಯ ಜನರನ್ನು ಹತ್ತಿರದಿಂದ ಕಂಡವರಿಗೆ ಭ್ರಮೆ ಬೇಗ ಹರಿಯುತ್ತದೇನೋ. ವ್ಯತ್ಯಾಸ ಬೇರೆಡೆ ಇದೆ. ಚೌಡಯ್ಯ ಎದುರಿಗೆ ನಿಂತು ಬೈಯುತ್ತಾನೆ. ಟ್ವೇನ್ ಠಕ್ಕನಿಗೇ ವೇದಿಕೆ ಬಿಟ್ಟುಕೊಟ್ಟು, ನಂಬುವ ಜನರ ಮುಖದ ಮೇಲೆ ಬೆಳಕು ಹಿಡಿಯುತ್ತಾನೆ. ‘ರಾಯಲ್ ನಾನ್‌ಸಚ್’ ಎಂಬ ಬೋಗಸ್ ನಾಟಕದಲ್ಲಿ ಇದು ಇನ್ನೂ ಖಚಿತ. ಹೆಂಗಸರು ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದೇ ತಡ, ಮಂದಿ ಭರ್ತಿ. ಮುದುಕ ಬೆತ್ತಲೆ ಮೈಗೆ ಬಣ್ಣ ಬಳಿದುಕೊಂಡು ನಾಲ್ಕು ಕಾಲಲ್ಲಿ ಕುಣಿಯುತ್ತಾನೆ, ನಾಟಕ ಮುಗಿಯಿತು. ಮೋಸಹೋದವರು ಹೊಡೆಯಲು ಏಳುತ್ತಾರೆ. ಅವರಲ್ಲೇ ಒಬ್ಬ ದೊಡ್ಡ ಮನುಷ್ಯ ತಡೆಯುತ್ತಾನೆ: ಊರೆಲ್ಲ ನಮ್ಮನ್ನು ನೋಡಿ ನಗುವುದು ಬೇಡ, ನಾಟಕ ಭಾರಿ ಇತ್ತೆಂದು ಹೊಗಳೋಣ, ಉಳಿದವರೂ ಬಂದು ಟೋಪಿ ಹಾಕಿಸಿಕೊಳ್ಳಲಿ. ಎರಡನೇ ರಾತ್ರಿಯೂ ಹೌಸ್‌ಫುಲ್. ಮೂರು ರಾತ್ರಿಯ ಗಳಿಕೆ 465 ಡಾಲರ್. ಚೀಟಿ ವ್ಯವಹಾರ, ಡಬಲ್ ದುಡ್ಡಿನ ಸ್ಕೀಮುಗಳಿಗೆ ಹಣ ಹಾಕಿ ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಂಡವರಿಗೆ ಈ ಅಧ್ಯಾಯ ಕಸಿವಿಸಿ ಮಾಡೀತು.

ಎಮ್ಮೆಲೀನ್ ಎಂಬ ಹುಡುಗಿಯನ್ನೂ ಬಿಡುವಂತಿಲ್ಲ. ಹಕ್ ಗ್ರಾಂಜರ್‌ಫರ್ಡರ ಮನೆ ಸೇರುವ ಹೊತ್ತಿಗೆ ಸತ್ತಿರುವ ಈಕೆ ಊರಲ್ಲಿ ಯಾರು ಸತ್ತರೂ ಹೆಣ ತಣ್ಣಗಾಗುವ ಮೊದಲೇ ಶೋಕಗೀತೆ ಬರೆದು ತಲುಪಿಸುತ್ತಿದ್ದಳು. ಮೊದಲು ಡಾಕ್ಟರು, ಆಮೇಲೆ ಎಮ್ಮೆಲೀನ್, ಆಮೇಲೆ ಹೆಣದ ಪೆಟ್ಟಿಗೆಯವನು. ಒಮ್ಮೆ ಮಾತ್ರ ಸತ್ತವನ ಹೆಸರಿಗೆ ಪ್ರಾಸ ಸಿಗದೆ ತಡವಾಗಿ ಪೆಟ್ಟಿಗೆಯವನು ಮುಂದಾದ. ಅಂದಿನಿಂದ ಕೊರಗಿ ಸವೆದಳಂತೆ. ಹಕ್‌ಗೆ ಅವಳ ಮೇಲೆ ಅಪಾರ ಗೌರವ. ಎಲ್ಲರಿಗೂ ಹಾಡು ಕಟ್ಟಿದವಳಿಗೆ ಯಾರೂ ಕಟ್ಟಲಿಲ್ಲವಲ್ಲ ಎಂದು ತಾನೇ ಎರಡು ಸಾಲು ಬರೆಯಲು ಹೆಣಗಿ ಕೈಬಿಡುತ್ತಾನೆ. ಯಾರೇ ತೀರಿಕೊಂಡರೂ ಐದು ನಿಮಿಷದಲ್ಲಿ ವಾಟ್ಸ್‌ಆಪ್ ಗುಂಪಿಗೆ ಕವನ ಹಾಕುವ ಮಿತ್ರರು ಕನ್ನಡದಲ್ಲೂ ಇರುವುದರಿಂದ ಇದನ್ನು ಇನ್ನು ಬೆಳೆಸುವುದು ಬೇಡ.

ಅಮೆರಿಕದಲ್ಲಿ ಪುಸ್ತಕ ಬಂದ ಮರುತಿಂಗಳೇ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಗ್ರಂಥಾಲಯ ಅದನ್ನು ಕಪಾಟಿನಿಂದ ತೆಗೆದುಹಾಕಿತು. ಭಾಷೆ ಒರಟು, ಹುಡುಗ ಅಸಭ್ಯ ಎಂಬುದು ದೂರು. ಗುಲಾಮಗಿರಿಯ ಸುದ್ದಿ ಅವರು ಎತ್ತಲಿಲ್ಲ. ಇದರಿಂದ 25,000 ಪ್ರತಿ ಹೆಚ್ಚು ಮಾರಾಟವಾಗುತ್ತದೆ ಎಂದು ಟ್ವೇನ್ ಹಿಗ್ಗಿದ. ಪ್ರಕಾಶನ ಸಂಸ್ಥೆ ಅವನದೇ ಆಗಿತ್ತು, ಹಿಗ್ಗದೆ ಏನು ಮಾಡಿಯಾನು.

ಇಪ್ಪತ್ತನೆಯ ಶತಮಾನದಲ್ಲಿ ದೂರು ಬೇರೆಯಾಯಿತು. ಕರಿಯರನ್ನು ಹೀಯಾಳಿಸುವ ಪದವೊಂದು ಇದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಬಿಳಿಯ ಮಕ್ಕಳ ನಡುವೆ ಕೂತ ಕಪ್ಪು ಮಗು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದನ್ನು ಕೇಳಬೇಕಾದ ಸಂಕಟ ಸಣ್ಣದಲ್ಲ. ಲೇಖಕನ ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿ ಆ ಮಗುವಿನ ಕಿವಿಗೆ ಸಾಲದು. 2011ರಲ್ಲಿ ಆ ಪದದ ಜಾಗದಲ್ಲಿ ‘ಗುಲಾಮ’ ಎಂದು ಹಾಕಿದ ಆವೃತ್ತಿ ಬಂತು. ಅದಕ್ಕೂ ಬೈಗುಳ ಬಿತ್ತು. ಊರಿನ ಬಾಯಿ ಹೊಲಸಾಗಿತ್ತು ಎಂದು ತೋರಿಸುವ ಪುಸ್ತಕದ ಬಾಯಿ ತೊಳೆದರೆ ತೋರಿಸುವುದೇನು ಎಂಬ ವಾದದಲ್ಲಿ ಹುರುಳಿದೆ.

ಟ್ವೇನ್‌ಗೆ ತನ್ನ ಊರಿನ ಪಾಪ ಅರ್ಥವಾದದ್ದು ನಿಧಾನವಾಗಿ. ಅವನ ಮನೆಯಲ್ಲೇ ಗುಲಾಮರಿದ್ದರು, ಚಿಕ್ಕಂದಿನಲ್ಲಿ ಅದು ತಪ್ಪೆಂದು ಯಾರೂ ಹೇಳಿರಲಿಲ್ಲ. 1896ರ ಜನವರಿಯಲ್ಲಿ ಭಾಷಣ ಪ್ರವಾಸಕ್ಕೆಂದು ಮುಂಬಯಿಗೆ ಬಂದಿಳಿದಾಗ ಒಂದು ಘಟನೆ ನಡೆಯಿತು. ಹೋಟೆಲಿನ ಕೋಣೆಯಲ್ಲಿ ದಢೂತಿ ಜರ್ಮನ್ನನೊಬ್ಬ ಅಲ್ಲಿನ ಕೆಲಸದವನ ದವಡೆಗೆ ಸುಮ್ಮನೆ ಒಂದು ಬಿಟ್ಟ. ಪೆಟ್ಟು ತಿಂದವನು ತುಟಿ ಎರಡು ಮಾಡಲಿಲ್ಲ. ಐವತ್ತು ವರ್ಷ ಹಿಂದಿನ ಮಿಸೌರಿ ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟಿತೆಂದು 1897ರ ಪ್ರವಾಸಕಥನದಲ್ಲಿ ಟ್ವೇನ್ ಬರೆದಿದ್ದಾನೆ. ತನ್ನ ಅಪ್ಪ ಆಳುಮಗನಿಗೆ ಹೊಡೆಯುತ್ತಿದ್ದದ್ದೂ ನೆನಪಾಯಿತಂತೆ. ಅಲ್ಲಿಂದ ಪುಣೆಯವರೆಗೆ ಬಂದ, ವಿಜಯಪುರದ ಕಡೆ ಇಳಿಯಲಿಲ್ಲ. ಇಳಿದಿದ್ದರೆ ಅದೇ ಮುಂಬಯಿ ಪ್ರಾಂತ್ಯದ ವಿಜಯಪುರ ಜಿಲ್ಲೆಯಲ್ಲಿ ಬೆಲೆ ಕಟ್ಟಿ ಮಾರದೆಯೂ ಮನುಷ್ಯರನ್ನು ಊರ ಹೊರಗೆ ಇಡುವ ಏರ್ಪಾಡು ಕಾಣುತ್ತಿತ್ತು.

ಆ ಏರ್ಪಾಡಿನ ಕಥೆಯನ್ನು ಅನುಭವಿಸಿದವರೇ ಹೇಳಲು ಕನ್ನಡ ಬಹಳ ವರ್ಷ ಕಾಯಬೇಕಾಯಿತು. ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಮೀಸಲಾತಿಯ ಹುಡುಗರನ್ನು ಕೆಣಕಲು ಬಳಸುತ್ತಿದ್ದ ಅಡ್ಡಹೆಸರನ್ನೇ ಎತ್ತಿ ಮುಖಪುಟಕ್ಕೆ ಹಾಕಿದ್ದೇ ಮೊದಲ ಹೊಡೆತ. ಎಮ್ಮೆ ಕೋಣಗಳಿಗೂ ಜಾತಿ ಹತ್ತಿಸುವ ಪ್ರಸಂಗ ಅಲ್ಲಿದೆ, ಓದುವಾಗ ನಗು ಬಂದು ಗಂಟಲಲ್ಲೇ ನಿಲ್ಲುತ್ತದೆ. ಟ್ವೇನ್ ಎಷ್ಟೇ ಜಾಣನಾದರೂ ಜಿಮ್‌ನ ತಲೆಯೊಳಗೆ ಹೊಕ್ಕವನಲ್ಲ. ಜಿಮ್ ಏನು ಯೋಚಿಸಿದ ಎಂಬುದು ಹಕ್ ಕಂಡಷ್ಟೇ, ಕೇಳಿದಷ್ಟೇ. ಆದರೂ ಒಂದೆರಡು ಕಡೆ ಆ ಗೋಡೆ ಒಡೆಯುತ್ತದೆ. ಮಾತು ಕೇಳಲಿಲ್ಲವೆಂದು ಪುಟ್ಟ ಮಗಳಿಗೆ ಹೊಡೆದೆ, ಆಮೇಲೆ ನೋಡಿದರೆ ಜ್ವರದಿಂದ ಅವಳ ಕಿವಿಯೇ ಹೋಗಿತ್ತು ಎಂದು ಜಿಮ್ ಅಳುವಾಗ ವಿಡಂಬನೆ ಬದಿಗೆ ಸರಿದು ನಿಲ್ಲುತ್ತದೆ. ಕಪ್ಪು ಲೇಖಕ ಪರ್ಸಿವಲ್ ಎವರೆಟ್ 2024ರಲ್ಲಿ ‘ಜೇಮ್ಸ್’ ಬರೆದು ಅದೇ ಕಥೆಯನ್ನು ಜಿಮ್‌ನ ಬಾಯಿಂದ ಹೇಳಿಸಿದ. ಅವನ ಜಿಮ್ ಓದು ಬಲ್ಲವನು. ಬಿಳಿಯರ ಮುಂದೆ ಮಾತ್ರ ಪೆದ್ದನ ಭಾಷೆ ಆಡುವವನು. ಆ ಕಾದಂಬರಿಗೆ ಅದೇ ವರ್ಷ ನ್ಯಾಷನಲ್ ಬುಕ್ ಅವಾರ್ಡ್, 2025ರಲ್ಲಿ ಪುಲಿಟ್ಜರ್ ಬಂದವು.

ಟ್ವೇನ್‌ನ ಪುಸ್ತಕದ ಕೊನೆಯ ಭಾಗ ದುರ್ಬಲ ಎಂದು ಹೇಳದೆ ಬಿಟ್ಟರೆ ಓದುಗರಿಗೆ ಮೋಸವಾದೀತು. ಜಿಮ್ ಸಿಕ್ಕಿಬಿದ್ದು ಒಂದು ಗುಡಿಸಲಲ್ಲಿ ಬಂದಿಯಾಗುತ್ತಾನೆ. ಬಿಡಿಸಲು ಬಂದ ಹಕ್‌ನ ಗೆಳೆಯ ಟಾಮ್ ಸಾಯರ್, ಕಥೆಪುಸ್ತಕದ ಸೆರೆಯಾಳುಗಳ ಹಾಗೆಯೇ ಎಲ್ಲ ಆಗಬೇಕೆಂದು ಹಾವು, ಇಲಿ, ಹಗ್ಗದ ಏಣಿ ಎಂದು ವಾರಗಟ್ಟಲೆ ಆಟ ಆಡುತ್ತಾನೆ. ನಗಿಸಲು ಹೋಗಿ ಅಧ್ಯಾಯಗಳು ಎಳೆಯುತ್ತವೆ. ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಹುಟ್ಟಿತೆಂದು 1935ರಲ್ಲಿ ಹೊಗಳಿದ ಹೆಮಿಂಗ್ವೇ ಕೂಡ ಕೊನೆಯ ಭಾಗ ಓದಬೇಡಿ, ಅದು ಮೋಸ ಎಂದಿದ್ದ. ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ಸತ್ತು, ಸಾಯುವಾಗ ಜಿಮ್‌ನನ್ನು ಬಿಡುಗಡೆ ಮಾಡಿ ಮೃತ್ಯುಪತ್ರ ಬರೆದಿದ್ದಳು. ಟಾಮ್‌ಗೆ ಅದು ಗೊತ್ತಿತ್ತು. ಸ್ವತಂತ್ರ ಮನುಷ್ಯನನ್ನು ಮೋಜಿಗಾಗಿ ಸರಪಳಿಯಲ್ಲಿ ಇಟ್ಟಿದ್ದ. ಅಂತರ್ಯುದ್ಧದ ನಂತರ ಕರಿಯರಿಗೆ ಕಾಗದದ ಮೇಲೆ ಬಿಡುಗಡೆ ಕೊಟ್ಟು ಊರಲ್ಲಿ ಕಟ್ಟಿಹಾಕಿದ ಅಮೆರಿಕದ ಮೇಲೇ ಇದು ವಿಡಂಬನೆ ಎಂದು ಕೆಲವು ವಿಮರ್ಶಕರು ಸಮರ್ಥಿಸುತ್ತಾರೆ. ಇರಬಹುದು. ಅರ್ಥ ದೊಡ್ಡದಾದ ಮಾತ್ರಕ್ಕೆ ಎಳೆದಾಟ ಕಡಿಮೆಯಾಗುವುದಿಲ್ಲ.

ಪುಸ್ತಕದ ಬಾಗಿಲಲ್ಲೇ ಒಂದು ಜಾಹೀರು ಸೂಚನೆ ಇದೆ: ಇದರಲ್ಲಿ ಉದ್ದೇಶ ಹುಡುಕುವವರ ಮೇಲೆ ಖಟ್ಲೆ, ನೀತಿ ಹುಡುಕುವವರಿಗೆ ಗಡೀಪಾರು, ಕಥಾಸಂವಿಧಾನ ಹುಡುಕುವವರಿಗೆ ಗುಂಡು. ಪರೀಕ್ಷೆಯಲ್ಲಿ ಮೂರಕ್ಕೂ ಅಂಕಗಳಿವೆ. ಹುಡುಕುವ ಹುಡುಗ ಹುಡುಗಿಯರು ದೊಡ್ಡ ದೊಡ್ಡ ಮಾತುಗಳನ್ನು ಬಿಟ್ಟು ಒಂದು ಸಣ್ಣ ಲೆಕ್ಕ ಹಿಡಿದು ಹೊರಡಬಹುದು. 16ನೇ ಅಧ್ಯಾಯದಲ್ಲಿ ಓಡಿಹೋದ ಗುಲಾಮರನ್ನು ಹುಡುಕುವ ಇಬ್ಬರಿಗೆ ಹಕ್ ತೆಪ್ಪದಲ್ಲಿ ಸಿಡುಬು ಇದೆ ಎಂಬಂತೆ ನಂಬಿಸುತ್ತಾನೆ. ಅವರು ಹೆದರಿ, ಹತ್ತಿರ ಬರದೆ, ಹಲಗೆಯ ಮೇಲೆ ತಲಾ ಇಪ್ಪತ್ತು ಡಾಲರ್ ಇಟ್ಟು ತೇಲಿಬಿಡುತ್ತಾರೆ. ಒಟ್ಟು ನಲವತ್ತು. 31ನೇ ಅಧ್ಯಾಯದಲ್ಲಿ ಠಕ್ಕ ರಾಜ ಜಿಮ್‌ನನ್ನು ಹಿಡಿದುಕೊಟ್ಟು ಪಡೆಯುವುದು ನಲವತ್ತು ಡಾಲರ್. ಕೊನೆಯ ಅಧ್ಯಾಯದಲ್ಲಿ ತಾಳ್ಮೆಯಿಂದ ಬಂದಿಯ ಪಾತ್ರ ಮಾಡಿದ್ದಕ್ಕೆ ಟಾಮ್ ಜಿಮ್‌ನ ಕೈಗೆ ಇಡುವುದೂ ನಲವತ್ತೇ. ಎದೆಯ ಮೇಲೆ ಕೂದಲಿರುವವನು ಸಾಹುಕಾರನಾಗುತ್ತಾನೆ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ಜಿಮ್ ಕುಣಿದಾಡುತ್ತಾನೆ. ಹಕ್‌ನ ಹೆಸರಿನಲ್ಲಿ ಊರಿನ ಜಡ್ಜ್ ಥ್ಯಾಚರ್ ಹತ್ತಿರ ಇಟ್ಟ ಗಂಟು ಆಗಲೂ ಭದ್ರ, ಆರು ಸಾವಿರಕ್ಕೂ ಹೆಚ್ಚು. ಎರಡು ಮೊತ್ತಗಳೂ ಅದೇ ಅಧ್ಯಾಯದಲ್ಲಿ, ಒಂದರ ಬೆನ್ನಿಗೊಂದು ಬರುತ್ತವೆ.